ಒಂದೇ ಲೋಟದ ಔಷಧಿ

“ಎರಡನ್ನೂ ಒಂದೇ ಲೋಟಕ್ಕೆ ಹಾಕಿದ್ರಾ?! ತಲೆ ನೆಟ್ಟಗಿದೆಯಾ ನಿಮಗೆ?”

ಔಷಧಿ ಅಂಗಡಿಯಲ್ಲಿದ್ದ ನಾಲ್ಕೈದು ಜನ ತಿರುಗಿ ನೋಡಿದರು. ಬೈಸಿಕೊಂಡವನು ಶಾಲಾ ವ್ಯಾನ್ ಓಡಿಸುವವನು, ಮಕ್ಕಳ ಬಾಯಲ್ಲಿ ವ್ಯಾನ್ ಮಾಮ. ಬೈದವಳು ಕೌಂಟರಿನ ಹಿಂದಿನ ಫಾರ್ಮಸಿಸ್ಟ್. ನಿಂತೂ ನಿಂತೂ ಅವಳ ಕಾಲು ಮರಗಟ್ಟಿತ್ತು, ತಾಳ್ಮೆಯೂ ತೀರಿತ್ತು.

“ಅಮ್ಮಂಗೆ ಆ ಆಂಟಿಬಯೋಟಿಕ್ ಕ್ಯಾಪ್ಸೂಲ್ ನುಂಗೋಕಾಗಲ್ಲ ಮೇಡಂ... ಬಿಡಿಸಿ ಕೊಟ್ರೆ ಕಹಿ ಅಂತ ಉಗೀತಾರೆ. ಆ ಕಫ ಕರಗಿಸೋ ಮಾತ್ರೆ ನೀರಿಗೆ ಹಾಕಿದ್ರೆ ಬುಸ್ ಅಂತ ಕಿತ್ತಳೆ ರುಚಿ ಬರುತ್ತಲ್ಲ, ಅದರಲ್ಲೇ ಪುಡಿ ಕಲಸಿಬಿಟ್ಟೆ. ಗಟಗಟ ಕುಡಿದ್ರು. ಏಳಕ್ಕೆ ನಾನೂ ವ್ಯಾನ್ ತೆಗೀಬೇಕು...”

“ಎಷ್ಟು ದಿನದಿಂದ?”

“ಐದು ದಿನ. ಜ್ವರ ಇಳೀತಾನೇ ಇಲ್ಲ.”

“ಹಾಗೆ ಬೆರೆಸಿದ್ರೆ ಆಂಟಿಬಯೋಟಿಕ್‌ನ ಶಕ್ತಿ ಕುಂದಬಹುದು ರೀ! ಮಧ್ಯೆ ಎರಡು ಗಂಟೆಯಾದ್ರೂ ಬಿಡಬೇಕು. ಈಗಲೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಹೆತ್ತ ತಾಯೀನ ಇಷ್ಟೂ ನೋಡ್ಕೊಳ್ಳೋಕಾಗಲ್ವಾ?”

ಕೊನೆಯ ಮಾತು ಬಾಯಿ ಜಾರಿತ್ತು... ಅವನು ಹೊರಟುಹೋದ.

ಸಂಜೆ ಸ್ಟೂಲಿನ ಮೇಲೆ ಕುಸಿದು ಕೂತಾಗ ಅವಳಿಗೆ ಎಲ್ಲ ನೆನಪಾಯಿತು. ಯಾವ ಔಷಧಿ ಯಾವಾಗ ಎಂದು ತಾನು ಹೇಳಿ, ಗಿರಾಕಿಯ ಬಾಯಲ್ಲಿ ಅದನ್ನೇ ತಿರುಗಿ ಹೇಳಿಸಿ, ಆಮೇಲೇ ಕವರ್ ಕೊಡುವುದು ಅವಳ ರೂಢಿ. ಆದರೆ ಅವನಿಗೆ ಔಷಧಿ ಕೊಟ್ಟ ದಿನ? ಸಾಲು ಬೆಳೆದಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಕವರನ್ನು ಸುಮ್ಮನೆ ಅವನತ್ತ ತಳ್ಳಿದ್ದಳು!

“ಊಟ ಆಯ್ತಾ ಮೇಡಂ?” ಎಂದು ಅಂದೂ ಕೇಳಿದ್ದ. ಒಂದು ವರ್ಷದಿಂದ ಆ ಮಾತು ಕೇಳುತ್ತಿದ್ದವನು ಅವನೊಬ್ಬನೇ. ಅದಕ್ಕೂ ಅವಳು ಉತ್ತರಿಸಿರಲಿಲ್ಲ.

‘ತಪ್ಪು ನಂದು... ಬೈಸಿಕೊಂಡಿದ್ದು ಅವರು!’

ದಿನಾ ಅಂಗಡಿಯ ಮುಂದೆ ನಿಲ್ಲುತ್ತಿದ್ದ ವ್ಯಾನ್ ಮರುದಿನ ನಿಧಾನವಾಗಲೂ ಇಲ್ಲ. ಅದರ ಮರುದಿನವೂ ಅಷ್ಟೇ. ಅವನ ತಾಯಿಗೆ ಏನಾಯಿತೋ ಎಂಬ ಯೋಚನೆಯಲ್ಲಿ ಅವಳಿಗೆ ಅನ್ನ ಸೇರಲಿಲ್ಲ. ಅವನ ಮುಖ ನೋಡದಿದ್ದರೆ ಎದೆ ಇಷ್ಟು ಭಾರವಾಗುತ್ತದೆ ಎಂಬುದೂ ಅವಳಿಗೆ ಈಗಲೇ ಗೊತ್ತಾಗಿದ್ದು.

ಆರನೇ ದಿನ ಮಕ್ಕಳನ್ನು ಇಳಿಸಿ ಖಾಲಿ ವ್ಯಾನ್ ಬರುವ ಹೊತ್ತಿಗೆ ಅವಳು ರಸ್ತೆಯ ಅಂಚಿಗೇ ಬಂದು ಕೈ ಅಡ್ಡ ಹಿಡಿದಳು.

ವ್ಯಾನ್ ನಿಂತಿತು. ಅವನ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು.

“ಅಮ್ಮ... ಹೇಗಿದ್ದಾರೆ?”

“ನಾಲ್ಕು ದಿನ ಆಸ್ಪತ್ರೇಲಿದ್ರು. ನಿನ್ನೆ ಮನೆಗೆ ಬಂದ್ರು. ಈಗ ಆಂಟಿಬಯೋಟಿಕ್ ಸಿರಪ್ ಕೊಟ್ಟಿದ್ದಾರೆ. ಜ್ವರ ಇಲ್ಲ.”

ಅವಳ ಕಣ್ಣು ತುಂಬಿಬಂತು. “ಅವತ್ತು ನಾನು ಏನೂ ಹೇಳದೆ ಕವರ್ ಕೊಟ್ಟೆ. ಆಮೇಲೆ ನಿಮ್ಮನ್ನೇ ಬೈದೆ. ನನ್ನ ಮೇಲೆ ಸಿಟ್ಟಾ?”

“ಸಿಟ್ಟಾ? ನಾಚಿಕೆ ಮೇಡಂ! ನಾನೂ ಬಾಯಿಬಿಟ್ಟು ಕೇಳಲಿಲ್ಲವಲ್ಲ. ನನ್ನ ಕೈಯಾರೆ ಅಮ್ಮನ್ನ...” ಸಾವರಿಸಿಕೊಂಡು ನಕ್ಕ. “ಅಮ್ಮ ಮಾತ್ರ ‘ನನಗೋಸ್ಕರ ನಿನ್ನ ಕಿವಿ ಹಿಂಡಿದ ಹುಡುಗಿ ಎಲ್ಲೋ? ಕರ್ಕೊಂಡು ಬಾ’ ಅಂತ ದಿನಾ ಪ್ರಾಣ ತಿಂತಾರೆ.”

ಅವಳು ಕಣ್ಣೊರೆಸಿಕೊಂಡಳು. “ಮೊದಲು ಔಷಧಿ ಹೇಗೆ ಕೊಡ್ತೀರಿ, ಹೇಳಿ ನೋಡೋಣ.”

“ಆರೂವರೆಗೆ ಸಿರಪ್. ವ್ಯಾನ್ ಮುಗಿಸಿ ಹೋಗಿ, ಒಂಬತ್ತಕ್ಕೆ ಬುಸ್ ಅನ್ನೋ ಮಾತ್ರೆ. ಬೇರೆ ಲೋಟದಲ್ಲಿ!”

“ಸರಿ...”

“ಇನ್ನೊಂದಿದೆ.” ಅವನು ಸ್ಟಿಯರಿಂಗ್ ಬಿಗಿಯಾಗಿ ಹಿಡಿದ. “ನೀವಂದ್ರೆ ನಂಗೆ ತುಂಬಾ ಇಷ್ಟ.”

ಅವಳು ತಲೆ ತಗ್ಗಿಸಿದಳು. ಎಷ್ಟೋ ದಿನಗಳ ದಣಿವು ಒಂದೇ ಉಸಿರಲ್ಲಿ ಹೊರಬಿತ್ತು.

“ಸುಮ್ಮನಿದ್ರೆ ಹೇಗೆ ಮೇಡಂ? ತಿರುಗಿ ಹೇಳ್ಬೇಕು. ನಿಮ್ಮ ರೂಢಿ ತಾನೇ?”

“ನೀವಂದ್ರೆ... ನಂಗೂ ತುಂಬಾ ಇಷ್ಟ.”

“ಊಟ ಆಯ್ತಾ?”

“ಐದು ದಿನದಿಂದ ಸರಿಯಾಗಿ ಮಾಡಿಲ್ಲ,” ಎಂದಳು.