ಪೊಟ್ಟಣದ ಜಾಂಬಲಾಯ

“ಥಿಯೋ, ಸಾಸೇಜ್ ತಿನ್ಬೇಡ್ವೋ! ಅನ್ನಕ್ಕೆ ಹಾಕೋಕೆ ಉಳಿಯಲ್ಲ!” ಓಡೆಟ್ ಕೂಗಿದಳು.

“ಒಂದೇ ಚೂರು ಕಣೇ,” ಎಂದ ಅಣ್ಣ. “ಪೊಟ್ಟಣದ ಜಾಂಬಲಾಯಾನಾ? ಅಜ್ಜಿ ನೋಡಿದ್ರೆ ನಿನ್ನನ್ನೇ ಪಾತ್ರೆಗೆ ಹಾಕಿ ಮುಚ್ಚಳ ಮುಚ್ತಾಳೆ.”

ಓಡೆಟ್ ನಗಲಿಲ್ಲ. ಕುದಿಯುವ ನೀರಿಗೆ ಸಾಸೇಜ್ ಚೂರು ಹಾಕಿ, ಪೊಟ್ಟಣದಲ್ಲಿದ್ದ ಜಾಂಬಲಾಯ ಎಂಬ ಮಸಾಲೆ ಅನ್ನದ ಮಿಕ್ಸ್ ಸುರಿದಳು. ಅಕ್ಕಿ, ಮಸಾಲೆ, ಒಣಗಿಸಿದ ತರಕಾರಿ, ಎಲ್ಲ ಅದರಲ್ಲೇ ಇತ್ತು.

ಸೋಮವಾರ ಅಜ್ಜಿ ಎಂದಿನಂತೆ ಕೆಂಪು ಬೀನ್ಸ್ ಬೇಯಲು ಇಟ್ಟು, ಮರೆತುಬಿಟ್ಟಿದ್ದಳು. ಮನೆ ತುಂಬ ಹೊಗೆ. ಅಮ್ಮ ಹೆದರಿ, “ಇನ್ಮೇಲೆ ನೀನು ಒಲೆ ಮುಟ್ಟಬೇಡಮ್ಮ,” ಅಂದುಬಿಟ್ಟಳು. ಅಂದಿನಿಂದ ಅಜ್ಜಿ ಬೀದಿಬಾಗಿಲ ಮೆಟ್ಟಿಲ ಮೇಲೆಯೇ ಕೂತಿರುತ್ತಿದ್ದಳು. ತಟ್ಟೆ ಕೊಟ್ಟರೆ ಎರಡು ಚಮಚ ತಿಂದು ದೂಡುತ್ತಿದ್ದಳು. ಹೋಟೆಲ್ ಕೆಲಸಕ್ಕೆ ಹೋಗುವ ಮುಂಚೆ ಅಮ್ಮ ಎರಡು ಪೊಟ್ಟಣ ತಂದಿಟ್ಟಿದ್ದಳು. ಇವತ್ತಾದರೂ ಅಜ್ಜಿ ಹೊಟ್ಟೆ ತುಂಬ ತಿನ್ನಬೇಕು ಎಂದು ಓಡೆಟ್‌ಗೆ ಆಸೆ.

ತಳ ಹಿಡಿದರೆ? ಮತ್ತೆ ಹೊಗೆ ಬಂದರೆ? ಅವಳು ಮುಚ್ಚಳ ತೆಗೆದು ಕಲಕಿದಳು. ಮತ್ತೆ ತೆಗೆದಳು, ಮತ್ತೆ ಕಲಕಿದಳು.

ಕೊನೆಗೆ ಅನ್ನ ಅಂಟಂಟಾಗಿ ಮುದ್ದೆಯಾಯಿತು.

“ಇದನ್ನ ಗೋಡೆಗೆ ಮೆತ್ತಬಹುದು,” ಎಂದ ಥಿಯೋ. ಆದರೂ ದೊಡ್ಡ ಬಟ್ಟಲು ತುಂಬಿಸಿಕೊಂಡ.

ಓಡೆಟ್ ಅಜ್ಜಿಗೆ ತಟ್ಟೆ ಒಯ್ದಳು. ಅಜ್ಜಿ ಒಂದು ಚಮಚ ತಿಂದು, “ಚೆನ್ನಾಗಿದೆ ಮರಿ,” ಎಂದು ತಟ್ಟೆ ಪಕ್ಕಕ್ಕಿಟ್ಟಳು.

ಚೆನ್ನಾಗಿದೆಯೇ? ಅಮ್ಮ ಮಾಡಿದ ಗಂಬೋ ಸಾರಿನಲ್ಲೂ ಮೂರು ತಪ್ಪು ಹುಡುಕುವ ಅಜ್ಜಿ ಇವಳೇನಾ? ಓಡೆಟ್ ಒಳಗೆ ಹೋಗಿ, ಒಲೆಯ ಪಕ್ಕ ಕುರ್ಚಿ ಎಳೆದು, ವಾಪಸ್ ಬಂದಳು.

“ಅಜ್ಜಿ, ಒಳಗೆ ಬಾ.”

“ನಿಮ್ಮಮ್ಮ ಮುಟ್ಟಬೇಡ ಅಂದಿದ್ದಾಳೆ.”

“ಮುಟ್ಟಬೇಡ. ಹೇಳು ಸಾಕು. ಇನ್ನೊಂದು ಪೊಟ್ಟಣ ಇದೆ. ನನಗೆ ಬರ್ತಿಲ್ಲ.”

ಅಜ್ಜಿ ಅವಳನ್ನೇ ನೋಡಿದಳು. ಮಂಡಿ ಹಿಡಿದುಕೊಂಡು ಎದ್ದು, ಒಳಗೆ ಬಂದು ಕುರ್ಚಿಯಲ್ಲಿ ಕೂತಳು.

“ಈರುಳ್ಳಿ ಎಲ್ಲಿ? ಸೆಲರಿ ದಂಟು? ದೊಣ್ಣೆಮೆಣಸಿನಕಾಯಿ? ಈ ಮೂರಿಲ್ಲದೆ ಅನ್ನಕ್ಕೆ ಕೈ ಹಾಕಿದ್ಯಾ?”

“ಪೊಟ್ಟಣದಲ್ಲೇ ಇದೆ ಅಂತ...”

“ಅದು ಪುಡಿ! ಪುಡಿ ಘಮ್ ಅನ್ನುತ್ತಾ? ಹೆಚ್ಚು. ಸಣ್ಣಗೆ. ಬೆರಳು ಜೋಪಾನ.”

ಬಾಣಲೆಯಲ್ಲಿ ಉಳಿದ ಸಾಸೇಜ್ ಚುರ್ ಎಂದಿತು. ಅದರ ಎಣ್ಣೆಯಲ್ಲೇ ಈರುಳ್ಳಿ, ಸೆಲರಿ, ದೊಣ್ಣೆಮೆಣಸಿನಕಾಯಿ ಬಾಡಿದವು. ಆಮೇಲೆ ನೀರು, ಕುದಿ ಬಂದ ಮೇಲೆ ಮಿಕ್ಸ್. ಓಡೆಟ್ ಸೌಟು ಎತ್ತಿದ್ದೇ ತಡ, ಅಜ್ಜಿ ಕೂಗಿದಳು.

“ಇಡು ಕೆಳಗೆ! ಉರಿ ಸಣ್ಣ ಮಾಡು, ಮುಚ್ಚು. ಇನ್ನು ಅನ್ನಕ್ಕೆ ಯಾರೂ ತೊಂದರೆ ಕೊಡಬಾರದು.”

“ಸೀದುಹೋದ್ರೆ?”

ಅಜ್ಜಿ ಕುರ್ಚಿಯನ್ನು ಒಲೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು. “ಇಬ್ಬರೂ ಇಲ್ಲೇ ಇರೋಣ,” ಎಂದಳು ಮೆಲ್ಲಗೆ.

ಇಬ್ಬರೂ ಅಲ್ಲೇ ಇದ್ದರು. ಈ ಸಲ ಅನ್ನ ಬಿಡಿಬಿಡಿಯಾಗಿ ಅರಳಿತು.

ಅಜ್ಜಿ ಒಂದು ಚಮಚ ಬಾಯಿಗಿಟ್ಟು ಮುಖ ಕಿವುಚಿದಳು. “ಅಯ್ಯೋ, ಎಷ್ಟು ಉಪ್ಪು! ಈ ಪೊಟ್ಟಣ ಮಾಡಿದೋರಿಗೆ ನಾಲಿಗೆನೇ ಇಲ್ವಾ? ನೀನು ಹೆಚ್ಚಿರೋ ಸೆಲರಿನೋ, ಸೌದೆ ಥರ ಇದೆ!” ಬೈಯುತ್ತಲೇ ಇನ್ನೊಂದು ಚಮಚ ತಿಂದಳು. ಮತ್ತೊಂದು ತಿಂದಳು. ಖಾಲಿ ತಟ್ಟೆ ಮುಂದೆ ಚಾಚಿದಳು.

ಓಡೆಟ್ ಇನ್ನಷ್ಟು ಬಡಿಸಿದಳು. ಅಜ್ಜಿ ಇನ್ನೇನು ತಪ್ಪು ಹುಡುಕುತ್ತಾಳೋ ಎಂದು ಖುಷಿಯಿಂದ ಕಾಯುತ್ತಾ ಅವಳಿಗೆ ಒರಗಿಕೊಂಡು ಕುಳಿತಳು.