ಯಾರೂ ಬಳಸದ ಫೋಲ್ಡರ್

"ಅಯ್ಯಯ್ಯೋ! ಈ ಹೊಲಸು ಕೋಡ್ ಯಾರ್ರೀ ಬರೆದಿದ್ದು?"

ಹೊಸದಾಗಿ ಸೇರಿದವನು ಎಣ್ಣೆ ಮೆತ್ತಿದ ಬೆರಳನ್ನು ಅವಳ ಸ್ಕ್ರೀನಿಗೇ ಒತ್ತಿ ಕೇಳಿದ.

"ನಾನೇ!" ಎಂದಳು. ಮುಖ ಸಿಂಡರಿಸಿ ಗಾಜಿನ ಮೇಲಿನ ಜಿಡ್ಡನ್ನು ಒರೆಸಿದಳು.

ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಆ ಆಫೀಸಿಗೆ ಕೋಡ್ ಬರೆಯುವ ಎಐ ಸಹಾಯಕ ಬಂದಿತ್ತು. ಯಾವ ಫೋಲ್ಡರ್ ಏನು ಮಾಡುತ್ತದೆ, ಯಾವುದನ್ನು ಮುಟ್ಟಬಾರದು ಎಂದು ಅದಕ್ಕೆ ತಿಳಿಸುವ ಮಾರ್ಗದರ್ಶಿ ಬರೆಯಲು ಇವನನ್ನು ಕರೆಸಿದ್ದರು. ಕೋಡಿಗೇ ನಕ್ಷೆ ಬರೆಯುವವನೆಂದು ಎಲ್ಲರ ಬಾಯಲ್ಲೂ ಅವನು 'ನಕ್ಷೆ'.

ನಕ್ಷೆ ಅವಳ ಬೆನ್ನು ಬಿಡಲಿಲ್ಲ.

"ಇದೇನು ಮೇಡಂ? 'ಹಳೇದು' ಅಂತ ಹೆಸರಿಟ್ಟಿದ್ದೀರ, ಇವತ್ತಿಗೂ ಓಡ್ತಿದೆ!"

ಬಾಯಿ ತುಂಬ ತಿಂಡಿ ಇಟ್ಟುಕೊಂಡೇ ನಗುತ್ತಿದ್ದ. ಥೂ... ಮನುಷ್ಯನಾ ಇವನು?

"ಕೊನೇದು ಮೇಡಂ. ಈ 'ತಾತ್ಕಾಲಿಕ' ಅನ್ನೋ ಫೋಲ್ಡರ್?"

ಅವನು ತೊಲಗಿದರೆ ಸಾಕಾಗಿತ್ತು ಅವಳಿಗೆ. ತೆರೆದೂ ನೋಡದೆ, "ಯಾರೂ ಬಳಸಲ್ಲ" ಎಂದುಬಿಟ್ಟಳು.

ಅವನು ನಂಬಿದ. ಮಾರ್ಗದರ್ಶಿಯಲ್ಲಿ ಹಾಗೇ ಬರೆದ. ಬಳಕೆಯಲ್ಲಿಲ್ಲದ ಕೋಡ್ ತೆಗೆಯಲು ಹೇಳಿದಾಗ, ಎಐ ಅದನ್ನೇ ಓದಿ ಆ ಫೋಲ್ಡರನ್ನು ಅಳಿಸಿಹಾಕಿತು. ಮರುದಿನ ಬೆಳಿಗ್ಗೆ ರೋಗಿಗಳಿಗೆ ಔಷಧಿ ನೆನಪಿಸುವ ಒಂದು ಮೆಸೇಜೂ ಹೋಗಲಿಲ್ಲ! ಅದನ್ನು ಕಳಿಸುವ ಕೋಡ್ ಇದ್ದದ್ದೇ ಆ ಫೋಲ್ಡರಿನಲ್ಲಿ.

ಹಳೆಯ ಪ್ರತಿಯಿಂದ ಎಲ್ಲ ಸರಿಪಡಿಸಿದ ಮೇಲೆ ಮ್ಯಾನೇಜರ್ ಎಲ್ಲರನ್ನೂ ಕರೆಸಿ ಮೇಜು ಗುದ್ದಿದರು.

"ಯಾರ ತಪ್ಪಿದು?"

"ನಂದು ಸರ್," ಎಂದ ನಕ್ಷೆ. "ಯಾರನ್ನೂ ಕೇಳ್ದೆ ಬರೆದ್ಬಿಟ್ಟೆ."

ಅವಳು ಬೆಚ್ಚಿಬಿದ್ದಳು. ಸುಳ್ಳು!

"ನಾಳೆಯಿಂದ ನೀವು ಬರೋದು ಬೇಡ."

ಸುಮ್ಮನೆ ಕೂತರೆ ಅವಳ ಕೆಲಸಕ್ಕೇನೂ ಭಯವಿಲ್ಲ. ಆದರೆ ಇಷ್ಟು ದಿನ ಅವನನ್ನು ಕಂಡು ಮುಖ ಸಿಂಡರಿಸಿದವಳಿಗೆ ಈಗ ತನ್ನ ಮೇಲೇ ಅಸಹ್ಯವಾಯಿತು.

"ಸರ್... ಇವರು ಕೇಳಿದ್ರು. ನಾನೇ ನೋಡ್ದೆ ಉತ್ತರ ಕೊಟ್ಟೆ. ಕಳಿಸೋದಾದ್ರೆ ನನ್ನ ಕಳಿಸಿ!"

ಮ್ಯಾನೇಜರ್ ಇಬ್ಬರನ್ನೂ ದುರುಗುಟ್ಟಿ ನೋಡಿದರು.

"ಇಬ್ರೂ ಕೂತು ಮೊದಲಿಂದ ಬರೀರಿ. ಪ್ರತಿ ಫೋಲ್ಡರನ್ನೂ ತೆರೆದು ನೋಡಿ! ಇನ್ನೊಂದ್ಸಲ ಹೀಗಾದ್ರೆ ಇಬ್ರೂ ಮನೆಗೆ!"

ಹೊರಗೆ ಬಂದವಳೇ ಅವನ ಮೇಲೆ ಹರಿಹಾಯ್ದಳು.

"ನನ್ನ ಮೇಲೆ ಕರುಣೆ ತೋರ್ಸೋಕೆ ನೀವ್ಯಾರ್ರೀ? ಇಂಥ ಉಪಕಾರ ಕಂಡ್ರೆ ಹೇಸಿಗೆ ನಂಗೆ!"

"ಕರುಣೆ ಅಲ್ಲ ರೀ... ನೀವು ಹೋಗ್ಬಿಟ್ರೆ ನಾನು ಯಾರ ಹತ್ರ ಬೈಸ್ಕೊಳ್ಳಲಿ?"

"ಬೈಸ್ಕೊಳ್ಳೋಕೆ ಅಷ್ಟು ಇಷ್ಟಾನಾ?"

"ನಿಮ್ಮ ಹತ್ರ ಆದ್ರೆ... ಜೀವನಪೂರ್ತಿ. ಆಗ್ಬಹುದಾ?"

"ಥೂ, ಅಸಹ್ಯ!"

ಬಾಯಿ ಹಾಗೆಂದಿತು. ಕಾಲು ಮಾತ್ರ ಕದಲಲಿಲ್ಲ. ಇವನಿಲ್ಲದ ಆಫೀಸನ್ನು ನೆನೆಸಿಕೊಂಡರೇ ಅಳು ಬರುತ್ತಿದೆಯಲ್ಲ... ಯಾವಾಗಿನಿಂದ ಹೀಗಾಯಿತು?

"ಉತ್ತರ ಹೇಳ್ಲಿಲ್ಲ ನೀವು..."

"ಇಷ್ಟು ಹೊತ್ತು ಇಲ್ಲೇ ನಿಂತು ಬೈತಿದ್ದೀನಲ್ಲ, ಗೊತ್ತಾಗಲ್ವಾ?"

ಅವನು ಎರಡೂ ಕೈಗಳನ್ನು ಅವಸರವಾಗಿ ಅಂಗಿಗೆ ಒರೆಸಿಕೊಂಡ.

"ಅಂದ್ರೆ... ಹೂಂ ಅಂತಾನಾ?"

"ಹೂಂ. ಆದ್ರೆ ನಮ್ಮಪ್ಪನ ಹತ್ರ ನೀವೇ ಬಂದು ಕೇಳ್ಬೇಕು."