ಹದಿನೆಂಟು ಮಿಲಿಮೀಟರ್

ಆ ಮುಂಜಾನೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಮಡಗಾಂವಿನ ಮೋತಿ ಡೊಂಗರದ ತಗಡಿನ ಮನೆಗಳ ಮೇಲೆ ಮೋಡ ಬಂದು ಕೂತಿತ್ತು. ಮಳೆ ಮಾತ್ರ ಇಲ್ಲ. ಮುರುಗೆವ್ವ ನಾಲ್ಕನೆಯ ಸಲ ಬಾಗಿಲಿಗೆ ಬಂದು ಹಾದಿ ನೋಡಿದಳು.

ಮದುವೆಯಾಗಿ ಏಳು ವರ್ಷ, ಇನ್ನೂ ಮಕ್ಕಳಿಲ್ಲ. ಮೊನ್ನೆಯ ಸ್ಕ್ಯಾನಿನಲ್ಲಿ ಅಂಡದ ಗುಳ್ಳೆ ಹದಿನಾಲ್ಕು ಮಿಲಿಮೀಟರ್ ಇತ್ತು. ಇವತ್ತು ಹದಿನೆಂಟು ಆಗಿರಬೇಕು. ಇನ್ನೊಂದು ಸಲ ಇಷ್ಟು ದುಬಾರಿ ಸೂಜಿಮದ್ದು ತರುವುದು ಅವರಿಂದ ಆಗುವ ಮಾತಲ್ಲ.

ಅವಳ ತಳಮಳ ಅದೊಂದೇ ಅಲ್ಲ. ಈ ಹದಿನೈದು ದಿನ ಮಡಿಯಿಂದ ಇರುತ್ತೇವೆಂದು ಇಬ್ಬರೂ ದೇವರ ಮುಂದೆ ಹೇಳಿಕೊಂಡಿದ್ದರು. ಆದರೆ ಐದು ದಿನದಿಂದ ಗಂಡ ಶಂಕರಲಿಂಗ ಸೂಜಿ ತರುತ್ತೇನೆಂದು ನಸುಕಿಗೇ ಹೋಗಿ, ಮೀನಿನ ವಾಸನೆ ಹೊತ್ತು ಬರುತ್ತಿದ್ದ. ಲಿಂಗ ಕಟ್ಟಿದ ಎದೆಯ ಮೇಲೆ ಮೀನಿನ ವಾಸನೆ!

ಅವನು ಬಂದ. ಅದೇ ವಾಸನೆ.

"ಹಿಂಗ ನೋಡಬ್ಯಾಡ ಮುರುಗಿ. ನಿನ್ನ ಕಣ್ಣಿಗೆ ನಮ್ಮ ಮಡ್ಕಯಿ ಫ್ಯಾಕ್ಟರಿ ಮಷೀನ್ ಸೈತ ಬಂದ್ ಬೀಳ್ತಾವ."

"ಮೀನ ತಿಂದ ಬಾಯಿಗೆ ಮಾತು ಭಾಳ."

ಅವನ ನಗು ಅರ್ಧಕ್ಕೆ ನಿಂತಿತು. ಚೀಲ ಹೆಗಲಿಗೇರಿಸಿ ಅವಳನ್ನು ದವಾಖಾನೆಗೆ ಹೊರಡಿಸಿದ.

ದವಾಖಾನೆಯಲ್ಲಿ ಬೆಳಗಾವಿಯ ನರ್ಸ್ ಶ್ವೇತಾ ಪರದೆಯ ಮೇಲಿನ ಕಪ್ಪು ಗುಳ್ಳೆ ತೋರಿಸಿದಳು. "ಇದರೊಳಗ ನಿಮ್ಮ ತತ್ತಿ, ಅಕ್ಕಾ. ನೀವು ನಿಮ್ಮವ್ವನ ಹೊಟ್ಟ್ಯಾಗ ಇದ್ದಾಗನ ಹುಟ್ಟಿದ್ದು. ಇಂಥಾವೆಲ್ಲಾ ಇಷ್ಟು ವರ್ಷ ಅರ್ಧ ಬಲಿತು ನಿಂತು ಕಾದಾವ. ತಿಂಗಳಿಗೆ ಒಂದಿಷ್ಟು ಏಳ್ತಾವ, ಒಂದು ಮುಂದ ಬರ್ತೈತಿ, ಉಳಿದಾವು ಕರಗಿ ಹೋಗ್ತಾವ."

"ತತ್ತಿ ಸುದ್ದಿ ನಮ್ಮ ಮನ್ಯಾಗ ತಗಿಯಂಗಿಲ್ರಿ," ಎಂದ ಶಂಕರಲಿಂಗ.

"ಇನ್ನ ಮ್ಯಾಲೆ ತಗೀರಿ. ಹದಿನೆಂಟೂವರಿ ಆಗೈತಿ!"

ಮುರುಗೆವ್ವ ಕಣ್ಣು ಮುಚ್ಚಿದಳು. ತಾನು ಹುಟ್ಟುವ ಮೊದಲಿನಿಂದ ಕಾದ ಜೀವ. ತನಗೋ ಒಂದು ಮುಂಜಾನೆ ಕಾಯುವಷ್ಟೂ ತಾಳ್ಮೆಯಿಲ್ಲ.

"ಸಂಜಿಗೆ ಕಡೀ ಸೂಜಿ. ಆಮ್ಯಾಲೆ ಒಂದೂವರಿ ದಿನದಾಗ ತತ್ತಿ ಪೂರಾ ಬಲಿತು ಹೊರಗ ಬೀಳ್ತೈತಿ. ಮನ್ಯಾಗ ಫ್ರಿಜ್ ಇಲ್ಲ ಅಂದಿದ್ರಿ, ಸೂಜಿ ಎಲ್ಲಿಟ್ಟೀರಿ?" ಶ್ವೇತಾ ಕೇಳಿದಳು.

ಶಂಕರಲಿಂಗ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದ. ಐಸಿನ ನಡುವೆ ಬಟ್ಟೆ ಸುತ್ತಿದ ಸೂಜಿ. ಮುಚ್ಚಳಕ್ಕೆ ಅಂಟಿದ್ದ ಮೀನಿನ ಹುರುಪೆಯೊಂದು ಹೊಳೆಯಿತು.

"ಸೋಮಿಬಾಯಿ ಡಬ್ಬಿ. ಮಡಗಾಂವ್ ಮಾರ್ಕೆಟ್ದಾಗ ಮೀನ ಮಾರ್ತಾಳ, ನಮ್ಮ ವಿಜಾಪುರ ಕಡ್ಯಾಕಿ. ಅಕಿ ಐಸ್ ಪೆಟಿಗ್ಯಾಗ ಎಲ್ಲಾ ಸೂಜಿ ಇಟ್ಟಿದ್ದೆ. ಮಡಿ ಕೆಡ್ತೈತಿ ಅಂತ ನೀ ಬ್ಯಾಡ ಅಂದ್ರ? ಅದಕ್ಕ ಹೇಳಲಿಲ್ಲ."

"ದಿನಾ ನನ್ನ ಕಡೆ ಬೈಸ್ಕೊಂಡ್ರಿ..."

"ನಿನ್ನ ಬೈಗುಳಕ್ಕೇನು ಐಸ್ ಬೇಕಾಗಿಲ್ಲ. ಬಿಸಿಬಿಸಿ ಇದ್ರೂ ನಡಿತೈತಿ."

ಅವಳು ಅವನ ಹೆಗಲಿಗೆ ಮುಖ ತಂದು, ಬೇಕೆಂದೇ ಉಸಿರೆಳೆದಳು. ಅವನ ಕಿವಿಗಳು ಕೆಂಪಾದವು.

ಸಂಜೆ ಕಡೆಯ ಸೂಜಿ ಆಯಿತು. ಮರುದಿನ ಮುರುಗೆವ್ವ ಡಬ್ಬಿ ತೊಳೆದು ಸಕ್ಕರೆ ತುಂಬಿದಳು. ಇಸಕೊಂಡ ಪಾತ್ರೆಯನ್ನು ಬರಿದಾಗಿ ಕೊಡುವ ರೂಢಿ ಅವಳ ತವರಿನಲ್ಲಿರಲಿಲ್ಲ. ಮೋಡ ಹಾಗೇ ಇತ್ತು. ಹೊಟ್ಟೆಯೊಳಗೆ ಏನಾಗುತ್ತಿದೆಯೋ ದೇವರಿಗೇ ಗೊತ್ತು. ಜನ್ಮದಲ್ಲಿ ಮೊದಲ ಸಲ, ಸೆರಗಿನಿಂದ ಮೂಗು ಮುಚ್ಚದೆ, ಅವಳು ಮಾರ್ಕೆಟ್ಟಿನ ಮೀನಿನ ಸಾಲಿಗೆ ನಡೆದಳು.

ತನ್ನ ಡಬ್ಬಿಯ ಗುರುತು ಹಿಡಿದು ಸೋಮಿಬಾಯಿ ಕೈ ಒರೆಸಿಕೊಂಡು ಎದ್ದಳು. ಮುರುಗೆವ್ವ ಡಬ್ಬಿಯನ್ನು ಎರಡೂ ಕೈಯಿಂದ ಆ ತಣ್ಣನೆಯ ಕೈಗಳಲ್ಲಿಟ್ಟಳು.